ಕಳಿಸದೆ ಉಳಿದ ಪ್ರಶ್ನೆಗಳು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಸ್ ಡಿಪೋದ ಮಹಡಿಯ ಪುಟ್ಟ ಕೋಣೆಯಲ್ಲಿ ಎಲ್ಲರೂ ‘ಸಿಸ್ಟಮ್ ಮೇಡಂ’ ಎಂದು ಕರೆಯುವವರ ಎದುರು ಚಾಲಕನೊಬ್ಬ ನಿಂತಿದ್ದಾನೆ. ಅವನ ಕಣ್ಣು ಕೆಂಪಾಗಿರುವುದು ಸಿಟ್ಟಿನಿಂದಲ್ಲ, ನಿದ್ದೆಗೆಟ್ಟು. “ರಾತ್ರಿಯೆಲ್ಲ ಓಡಿಸಿ ಈಗಷ್ಟೇ ಇಳಿದಿದ್ದೀನಿ ಮೇಡಂ. ಬೆಳಗಿನ ಬಸ್ಸಿಗೂ ನನ್ನನ್ನೇ ಹಾಕಿದೆಯಲ್ಲ ನಿಮ್ಮ ಸಿಸ್ಟಮ್ಮು,” ಎನ್ನುತ್ತಾನೆ. ಅವನನ್ನು ಬೆಂಚಿನ ಮೇಲೆ ಕೂರಿಸಿ, ಮೇಡಂ ಆನ್‌ಲೈನ್‌ನಲ್ಲಿ ಬಲ್ಲವರನ್ನು ಕೇಳಲೆಂದು ಕಂಪ್ಯೂಟರಿನಲ್ಲಿ ಒಂದು ಪ್ರಶ್ನೆ ಬರೆಯಲು ತೊಡಗುತ್ತಾರೆ.

ಯಾವ ಬಸ್ಸಿಗೆ ಯಾವ ಚಾಲಕ ಎಂದು ಹಂಚುವ ಪ್ರೋಗ್ರಾಂ ನೋಡಿಕೊಳ್ಳುವವರು ಇವರೊಬ್ಬರೇ. ಅದು ಕೈಕೊಟ್ಟ ದಿನ ಮಾತ್ರ ಇವರು ಎಲ್ಲರಿಗೂ ನೆನಪಾಗುತ್ತಾರೆ. ಮೊದಲು ಪಕ್ಕದ ಕುರ್ಚಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. “ಅಣ್ಣಾ, ಇಲ್ನೋಡಿ” ಎಂದರೆ ಸಾಕಿತ್ತು. ಅವರು ನಿವೃತ್ತರಾದರು, ಕುರ್ಚಿಯ ಮೇಲೆ ಈಗ ಪ್ರಿಂಟರಿನ ಕಾಗದದ ಕಟ್ಟುಗಳಿವೆ.

ಆಗ ಇವರು ಹುಡುಕಿಕೊಂಡು ಹೋದದ್ದು ಪ್ರೋಗ್ರಾಮರುಗಳ ಆನ್‌ಲೈನ್ ಬಳಗವನ್ನು. ಮೊದಲ ಪ್ರಶ್ನೆ ಒಂದೇ ಸಾಲಿನದು: ಪ್ರೋಗ್ರಾಂ ಕೆಲಸ ಮಾಡ್ತಿಲ್ಲ, ಸಹಾಯ ಮಾಡಿ. “ಏನಾಗಬೇಕಿತ್ತು, ಏನಾಯಿತು ಎಂದು ಬರೆಯಿರಿ, ನಾವು ನಿಮ್ಮ ಪಕ್ಕದಲ್ಲಿ ಕೂತಿಲ್ಲ” ಎಂದು ಯಾರೋ ಉತ್ತರಿಸಿ, ಮತ್ತ್ಯಾರೂ ಉತ್ತರ ಬರೆಯದಂತೆ ಪ್ರಶ್ನೆಯನ್ನೇ ಮುಚ್ಚಿಬಿಟ್ಟರು. “ಪಕ್ಕದಲ್ಲಿ ಯಾರೂ ಇಲ್ಲ ಅಂತಲೇ ತಾನೇ ಅಲ್ಲಿಗೆ ಹೋಗಿದ್ದು? ಅವತ್ತು ಅತ್ತುಬಿಟ್ಟೆ,” ಎನ್ನುತ್ತಾರೆ.

ಅತ್ತರೂ ಬಿಡಲಿಲ್ಲ, ಕೇಳುವುದನ್ನು ಕಲಿತರು. ಏನೂ ಗೊತ್ತಿಲ್ಲದವರಿಗೂ ತಿಳಿಯುವಂತೆ ಬರೆಯಬೇಕು, ತಪ್ಪು ಕಾಣಿಸಲು ಎಷ್ಟು ಬೇಕೋ ಅಷ್ಟನ್ನೇ ಉಳಿಸಿ ಮಿಕ್ಕಿದ್ದೆಲ್ಲ ಕತ್ತರಿಸಬೇಕು. ಇವತ್ತೂ ಹಾಗೆಯೇ ಚಾಲಕರ ಉದ್ದನೆಯ ಪಟ್ಟಿ ತೆಗೆದು ಎರಡು ಸುಳ್ಳು ಹೆಸರು ಹಾಕುತ್ತಾರೆ. ತಪ್ಪೇ ಮಾಯ! ಹಾಗಾದರೆ ಕಿತಾಪತಿಯಿರುವುದು ನಿಜವಾದ ಹೆಸರಿನಲ್ಲೇ. ಬೆಂಚಿನ ಮೇಲೆ ತೂಕಡಿಸುತ್ತಿರುವವನ ಹೆಸರನ್ನು ಮರಳಿ ತಂದು ನೋಡಿದರೆ, ರಾತ್ರಿಯ ಪಟ್ಟಿ, ಬೆಳಗಿನ ಪಟ್ಟಿ ಎರಡರಲ್ಲೂ ಅದಿದೆ, ಆದರೆ ಒಂದು ಕಡೆ ಮಾತ್ರ ಅದರ ಕೊನೆಯಲ್ಲಿ ಯಾರೋ ಕೈತಪ್ಪಿ ಒತ್ತಿದ ಖಾಲಿ ಜಾಗ. ನಮ್ಮ ಕಣ್ಣಿಗೆ ಒಬ್ಬನೇ, ಪ್ರೋಗ್ರಾಮಿಗೆ ಇಬ್ಬರು: ಒಬ್ಬ ರಾತ್ರಿಯಿಡೀ ದುಡಿದವನು, ಇನ್ನೊಬ್ಬ ಮನೆಯಲ್ಲಿ ಹಾಯಾಗಿ ಮಲಗಿ ಎದ್ದವನು.

ಆ ಖಾಲಿ ಜಾಗ ಅಳಿಸಿದ್ದೇ ಬೆಳಗಿನ ಬಸ್ಸಿಗೆ ಬೇರೆಯವನ ಹೆಸರು ಬರುತ್ತದೆ. “ಬದುಕಿದೆ ಮೇಡಂ,” ಎಂದು ಚಾಲಕ ಮನೆಯ ದಾರಿ ಹಿಡಿಯುತ್ತಾನೆ. ಅರ್ಧ ಬರೆದ ಪ್ರಶ್ನೆಯನ್ನು ಮೇಡಂ ಅಳಿಸುತ್ತಾರೆ.

ಈಗೀಗ ಪ್ರತಿ ಸಲವೂ ಹೀಗೇ. ಕೇಳುವುದು ಎಷ್ಟು ಚೆನ್ನಾಗಿ ಬಂತೆಂದರೆ, ಬರೆದು ಮುಗಿಸುವ ಮೊದಲೇ ಉತ್ತರ ಹೊಳೆದುಬಿಡುತ್ತದೆ, ಕಳಿಸಲು ಏನೂ ಉಳಿಯುವುದಿಲ್ಲ. ಹೆಮ್ಮೆಪಡುವ ಸಂಗತಿಯೇ ಸರಿ, ಆದರೆ ಆ ಬಳಗದಲ್ಲಿ ಇವರೊಂದಿಗೆ ಯಾರಾದರೂ ಮಾತಾಡಿ ಯಾವ ಕಾಲವಾಯಿತೋ. ಇದು ಇವರಿಗೆ ನೋವಿನ ಸಂಗತಿ, ಮುಚ್ಚಿಡುವುದೂ ಇಲ್ಲ.

ಏನಾದರೂ ಆಸೆಯಿದೆಯೇ ಎಂದರೆ ನಗುತ್ತಾರೆ. “ನನ್ನ ಕೈಲಿ ಬಗೆಹರಿಯದ ಪ್ರಶ್ನೆ ಒಂದಾದರೂ ಬರಲಿ. ಡಿಪೋಗೆ ತೊಂದರೆ ಆಗದಂಥದ್ದು, ಚಿಕ್ಕದು. ಯಾರಾದರೂ ಓದಿ ಮತ್ತೇನೋ ಕೇಳ್ತಾರೆ, ನಾನು ಹೇಳ್ತೀನಿ. ಹಾಗೆ ಸ್ವಲ್ಪ ಹೊತ್ತು ಹೋಗುತ್ತಲ್ಲ.”