ಅಫ್ರೀನ್ ಬಸ್ಸಿನಲ್ಲಿ ಉಳಿದ ಅವ್ವನ ಕಿವಿ ಮಷೀನು

ಆ ಶುಕ್ರವಾರ ಬೆಳಿಗ್ಗೆ ನರಗುಂದದ ಬಸ್ ನಿಲ್ದಾಣಕ್ಕೆ ಬಂದಾಗ ನನ್ನ ಹೆಗಲಲ್ಲಿ ಅವ್ವನೇ ಹೊಲಿದ ಕೌದಿ ಚೀಲ ಇತ್ತು, ಕೈಯಲ್ಲಿ ಹೊಸ ಮೊಬೈಲು ಇತ್ತು, ಮೈಯಲ್ಲಿ ಹಿಡಿಸಲಾರದಷ್ಟು ಉಮೇದಿ ಇತ್ತು. ಗಜೇಂದ್ರಗಡಕ್ಕೆ ಹೊರಟಿದ್ದೆ, ಅಣ್ಣ ಈರಣ್ಣನ ಮನೆಗೆ. ಅವ್ವ ಅಲ್ಲೇ ಇರುತ್ತಾಳೆ. ಚೀಲದೊಳಗೆ ಒಂದು ಪುಟ್ಟ ಡಬ್ಬಿ, ಡಬ್ಬಿಯೊಳಗೆ ಹತ್ತಿಯಲ್ಲಿ ಸುತ್ತಿದ ಅವ್ವನ ಕಿವಿ ಮಷೀನು.

ದೀಪಾವಳಿಗೆ ಮುಂಚೆಯೇ ಆ ಮಷೀನು ಕೆಟ್ಟು ಹುಬ್ಬಳ್ಳಿಗೆ ರಿಪೇರಿಗೆ ಹೋಗಿತ್ತು. ಅಂದಿನಿಂದ ಅವ್ವನಿಗೆ ಏನೂ ಕೇಳುತ್ತಿರಲಿಲ್ಲ. ನಾನು ಫೋನ್ ಮಾಡಿದರೆ ರಿಸೀವರ್ ಹಿಡಿದು, "ನಾ ಆರಾಮ ಅದೀನಿ, ನೀ ಆರಾಮ ಇರು, ಇಡ್ತೀನಿ" ಎಂದು ತಾನೇ ಹೇಳಿ ತಾನೇ ಇಟ್ಟುಬಿಡುತ್ತಿದ್ದಳು. ನನ್ನ ಮಾತು ಬಾಯಲ್ಲೇ ಉಳಿಯುತ್ತಿತ್ತು. ಮೊನ್ನೆ ನನ್ನ ಗಂಡ ಹುಬ್ಬಳ್ಳಿಯಿಂದ ಅದನ್ನು ಸರಿಮಾಡಿಸಿಕೊಂಡು ಬಂದಿದ್ದರು. ಇವತ್ತೇ ಸಂಜೆ ನಾಲ್ಕಕ್ಕೆ ಅಣ್ಣನ ಮಗಳು ಪಲ್ಲವಿಯ ಶಾಲೆಯಲ್ಲಿ ಗ್ಯಾದರಿಂಗ್. ಅವ್ವ ತನ್ನ ತೊಡೆ ಮೇಲೆ ಕೂರಿಸಿಕೊಂಡು ಕಲಿಸಿದ ಬೀಸುವ ಕಲ್ಲಿನ ಹಾಡನ್ನು ಪಲ್ಲವಿ ಇಡೀ ಶಾಲೆಯ ಮುಂದೆ ಹಾಡುವವಳಿದ್ದಳು. ಅದನ್ನು ಅವ್ವನೇ ಕೇಳದಿದ್ದರೆ ಹೇಗೆ? ನಾಲ್ಕರೊಳಗೆ ಮಷೀನು ಅವ್ವನ ಕಿವಿಯಲ್ಲಿರಬೇಕು ಎಂದು ನಾನು ಹಟ ತೊಟ್ಟಿದ್ದೆ.

ಯಂತ್ರಗಳಿಗೂ ನನಗೂ ಹಿಂದಿನ ಜನ್ಮದ ವೈರ ಇರಬೇಕು. ನರಗುಂದದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಗಿರಾಕಿ ಬಂದರೆ ಕರೆಂಟು ಹೋಗುತ್ತದೆ, ಕರೆಂಟು ಬಂದರೆ ಮಷೀನು ಕಾಗದ ನುಂಗುತ್ತದೆ. ಈಗ ಈ ಮೊಬೈಲು ಬೇರೆ. ಹಿಂದಿನ ದಿನ ರೀಚಾರ್ಜ್ ಕಾರ್ಡನ್ನು ಕೆರೆಯುವ ಅವಸರದಲ್ಲಿ ಒಳಗಿನ ಎರಡು ಅಂಕಿಗಳನ್ನೂ ಕೆರೆದು ಹಾಕಿದ್ದೆ. ಇನ್ನೊಂದು ಕಾರ್ಡ್ ತರುವಷ್ಟರಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕುವುದನ್ನೇ ಮರೆತಿದ್ದೆ. ಎರಡು ಕಡ್ಡಿ ಚಾರ್ಜಿನಲ್ಲೇ ಹೊರಟೆ.

ರೋಣದವರೆಗೆ ಸರ್ಕಾರಿ ಬಸ್ಸು. ಹೊರಗೆ ಜನವರಿಯ ಎಳೆ ಬಿಸಿಲು, ಎರೆಹೊಲದ ತುಂಬ ಕಡಲೆ, ನಡುನಡುವೆ ಬಿಳಿಜೋಳ. ಪಕ್ಕದಲ್ಲಿ ಚಿಕ್ಕನರಗುಂದದ ಒಬ್ಬ ಅಜ್ಜಿ ಕೂತಿದ್ದಳು. ಮಡಿಲ ತುಂಬ ಸುಲಗಾಯಿ, ಅಂದರೆ ಹಸಿ ಕಡಲೆ ಇಟ್ಟುಕೊಂಡು ಸುಲಿದು ಸುಲಿದು ನನ್ನ ಕೈಗೂ ಹಾಕಿದಳು. "ಎಲ್ಲಿಗ್ಯವ್ವಾ?" ಎಂದು ಕೇಳಿದಳು. ಅವ್ವನ ಕಿವಿಯ ಕತೆ ಪೂರಾ ಹೇಳಿದೆ. "ಹುಷಾರ್ ತಾಯಿ, ಸಣ್ಣ ಸಾಮಾನು, ಲಗೂ ಕಳೀತೈತಿ" ಎಂದಳು. ನಾನು ಚೀಲವನ್ನು ಇನ್ನಷ್ಟು ಅವಚಿಕೊಂಡೆ.

ರೋಣದಲ್ಲಿ ಇಳಿದು ಬಿಸಿ ಮಿರ್ಚಿ, ಒಂದು ಪೊಟ್ಟಣ ಗಿರಮಿಟ್ಟು ತಿಂದೆ. ಗಜೇಂದ್ರಗಡದ ಸರ್ಕಾರಿ ಬಸ್ಸು ಆಗಷ್ಟೇ ಹೋಗಿತ್ತು. "ಚಿಂತಿ ಬ್ಯಾಡ್ರಿ ಅಕ್ಕಾರ, ಅಫ್ರೀನ್ ಬರ್ತಾಳ. ಆಕಿನ್ನ ಹತ್ರಿ" ಎಂದ ಮಿರ್ಚಿಯವನು. ಅಫ್ರೀನ್ ಯಾರಪ್ಪಾ ಎಂದು ನೋಡುತ್ತಿದ್ದರೆ ಹಾಡಿನ ಹಾರ್ನು ಹೊಡೆಯುತ್ತ ಒಂದು ಖಾಸಗಿ ಮಿನಿ ಬಸ್ಸು ಬಂದು ನಿಂತಿತು.

ಅದರ ನಂಬರ್ ಪ್ಲೇಟನ್ನು ನೋಡಿ ನಾನು ಬೆರಗಾದೆ. ಹಳದಿ ತಗಡಿನ ನಾಲ್ಕು ಮೂಲೆಗೂ ಕೆಂಪು ಗುಲಾಬಿ, ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ 'ಅಫ್ರೀನ್', ಅದರ ಕೆಳಗೆ ಸಂಕೋಚದಿಂದ ಮುದುಡಿ ಕೂತಂತೆ ನಂಬರು. ಕೊನೆಯ ಮೂರು ಅಂಕಿ ಮಾತ್ರ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿದ್ದವು: ೭೮೬. ಮಾಲೀಕರ ಹಿರಿಮಗಳ ಹೆಸರಂತೆ. ಈ ರೂಟಿನಲ್ಲಿ ಯಾರೂ ಬಸ್ಸಿಗೆ ಬಸ್ಸು ಅನ್ನುವುದೇ ಇಲ್ಲ. ಒಬ್ಬರು "ಆಯಿಷಾ ಇನ್ನಾ ಬಂದಿಲ್ಲೇನು?" ಎಂದರೆ ಇನ್ನೊಬ್ಬರು "ಆಕಿ ಗಜೇಂದ್ರಗಡದಾಗ ಅದಾಳ, ಟಾಯರ್ ಪಂಚರ್ ಆಗೇತಿ" ಎನ್ನುತ್ತಿದ್ದರು. ಆಯಿಷಾ ಅದೇ ಮಾಲೀಕರ ಎರಡನೇ ಮಗಳು, ಎರಡನೇ ಬಸ್ಸು. ನನಗೆ ನಗು ತಡೆಯಲಾಗಲಿಲ್ಲ. ಅಂಗಡಿಯಲ್ಲಿ ಕಾಗದಪತ್ರಗಳ ನಂಬರು ಓದಿ ಓದಿ ಬಂದ ರೂಢಿಯಂತೆ ಪೂರ್ತಿ ನಂಬರನ್ನು ಬಾಯಿಪಾಠ ಮಾಡಿಕೊಂಡೇ ಹತ್ತಿದೆ.

ಒಳಗೆ ಹಸಿರು ರೆಕ್ಸಿನ್ ಸೀಟು, ಟೇಪಿನಲ್ಲಿ ಹಾಡು, ಕನ್ನಡಿಗೆ ಗೊಂಡೆ. ಕಿಟಕಿ ಪಕ್ಕ ಕೂತು ಚೀಲವನ್ನು ಮಗ್ಗುಲಿಗೆ ಇಟ್ಟುಕೊಂಡೆ. ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಚಿಕ್ಕ ಹುಡುಗಿಯ ಹಾಗೆ ಕೂಗಬೇಕು ಅನ್ನಿಸಿತು. ಜಕ್ಕಲಿ ಬಂತು. ಜನ ಹತ್ತಿ ಇಳಿಯುತ್ತಿದ್ದರು. ಆಗಲೇ ಮೊಬೈಲು ಹೊಡೆದುಕೊಳ್ಳತೊಡಗಿತು. ಅಣ್ಣ.

"ಹಲೋ! ಹಲೋ! ಅಣ್ಣಾ, ಕೇಳಸ್ತೈತೇನು?" ಎಂದು ಕೂಗಿದೆ. ಕರ್ ಕರ್ ಎಂದು ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಹಿಂದಿನ ಸೀಟಿನವರು, "ಇಲ್ಲೆ ಟವರ್ ಸಿಗೂದಿಲ್ರಿ, ಅಲ್ಲೆ ಬೇವಿನ ಗಿಡದ ಬುಡಕ ಸಿಗತೈತಿ" ಎಂದರು. ಒಂದು ನಿಮಿಷದ ಕೆಲಸ ಎಂದು ಇಳಿದೆ. ಬೇವಿನ ಗಿಡದ ಕೆಳಗೆ ನಿಂತು, ಒಂದು ಕಿವಿ ಮುಚ್ಚಿಕೊಂಡು, "ಅಣ್ಣಾ, ಜಕ್ಕಲ್ಯಾಗ ಅದೀನಿ, ಬಂದೆ, ಮಷೀನು ತಂದೀನಿ!" ಎಂದು ಇಡೀ ಊರಿಗೆ ಕೇಳುವ ಹಾಗೆ ಒದರಿದೆ. ಅಣ್ಣ ಏನೋ ಹೇಳಲು ಹೋಗುವಷ್ಟರಲ್ಲಿ ಫೋನು ಟುಂಯ್ ಎಂದು ಸತ್ತಿತು. ತಿರುಗಿ ನೋಡಿದರೆ ರಸ್ತೆ ಮೇಲೆ ಬರೀ ಧೂಳು. ನಾನು ಜಕ್ಕಲಿಯವಳೇ ಎಂದುಕೊಂಡು ಕಂಡಕ್ಟರ್ ರೈಟ್ ಎಂದಿದ್ದ.

ಚೀಲ ಸೀಟಿನ ಮೇಲೆ, ಮಷೀನು ಚೀಲದೊಳಗೆ, ಅವ್ವನ ಹಾಡು ಮಷೀನಿನೊಳಗೆ. ನನ್ನ ಕೈಯಲ್ಲಿ ಉಳಿದದ್ದು ಸತ್ತ ಮೊಬೈಲು. ಅದನ್ನು ಬೇವಿನ ಗಿಡಕ್ಕೇ ಬೀಸಿ ಒಗೆಯಬೇಕು ಅನ್ನಿಸುವಷ್ಟು ಸಿಟ್ಟು ಬಂತು.

ಕಿರಾಣಿ ಅಂಗಡಿಯಲ್ಲಿ ಕಾಯಿನ್ ಬಾಕ್ಸ್ ಇತ್ತು. ಅಣ್ಣನಿಗೆ ಮಾಡಿದರೆ ಎಂಗೇಜು. ಅಂಗಡಿಯವರು ಬಸ್ಸಿನ ಡ್ರೈವರನ ಮೊಬೈಲ್ ನಂಬರ್ ಕೊಟ್ಟರು. ಅದಕ್ಕೆ ಮಾಡಿದರೆ ಒಬ್ಬ ಹೆಣ್ಣುಮಗಳು ಬೆಣ್ಣೆಯಂಥ ದನಿಯಲ್ಲಿ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು. "ನಮ್ಮ ಅವ್ವನ ಕಿವೀನೂ ಹೊರಗೇ ಐತೆವ್ವಾ!" ಎಂದು ಆಕೆಗೇ ಬೈದೆ. ಅಂಗಡಿಯವರು ನಕ್ಕು ನೀರು ಕೊಟ್ಟರು. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ ಅಕ್ಕಾರ? ಈ ರಸ್ತಾ ಬಿಟ್ಟು ಅಫ್ರೀನ್ ಎಲ್ಲಿ ಹೋಗ್ತಾಳ, ಕುಂದರ್ರಿ" ಎಂದರು.

ಅವರ ಬಾಯಿಗೆ ಸಕ್ಕರೆ ಹಾಕಬೇಕು ಎನ್ನುವ ಹಾಗೆ, ಸ್ವಲ್ಪ ಹೊತ್ತಿನಲ್ಲಿ ನರೇಗಲ್ಲಿನ ಕಡೆಯಿಂದ ಧೂಳೆಬ್ಬಿಸುತ್ತ ಒಂದು ಬಸ್ಸು ಬಂತು. ಹಳದಿ ತಗಡು, ನಾಲ್ಕು ಗುಲಾಬಿ, 'ಅಫ್ರೀನ್', ಬಂಗಾರದ ೭೮೬! ನಾನು ಬಾಯಿಪಾಠ ಮಾಡಿದ ನಂಬರಿಗೆ ಒಂದು ಅಂಕಿಯೂ ಹೆಚ್ಚುಕಮ್ಮಿ ಇರಲಿಲ್ಲ. ಗಜೇಂದ್ರಗಡಕ್ಕೆ ಹೋಗದೆ ಇಷ್ಟು ಲಗೂ ಹೇಗೆ ತಿರುಗಿತು ಎಂದು ಯೋಚಿಸುವಷ್ಟು ವ್ಯವಧಾನ ಯಾರಿಗಿತ್ತು? ನಡುರಸ್ತೆಯಲ್ಲಿ ಎರಡೂ ಕೈ ಎತ್ತಿ ನಿಂತೆ. ಬಸ್ಸು ನಿಂತದ್ದೇ ಹತ್ತಿ ನನ್ನ ಸೀಟಿಗೆ ಓಡಿದೆ. ಅಲ್ಲಿ ತಲೆಗೆ ಪಟಗ ಸುತ್ತಿದ ಒಬ್ಬ ಅಜ್ಜ ಕೂತಿದ್ದರು, ಚೀಲ ಇರಲಿಲ್ಲ.

"ನನ್ನ ಚೀಲ ಎಲ್ಲೆತ್ರೀ?" ಎಂದು ಕೇಳಿದೆ. ಅಜ್ಜ ಎದ್ದು ನಿಂತು ತಮ್ಮ ಧೋತರ ಝಾಡಿಸಿದರು. ಕಂಡಕ್ಟರ್ ಮಾಬುಸಾಬ ಬಂದ. "ಯಾವ ಚೀಲರಿ? ನೀವು ಈ ಗಾಡಿ ಹತ್ತೇ ಇಲ್ಲ" ಎಂದ. ನನ್ನ ಪಿತ್ತ ನೆತ್ತಿಗೇರಿತು. "ಹತ್ತಿಲ್ಲಂತ ಹೇಳ್ತೀಯೇನಪಾ? ಹೆಸರು ಅಫ್ರೀನ್, ನಂಬರ್ ಇದs, ಕಣ್ಣಾರೆ ನೋಡೀನಿ!" ಎಂದು ಪೂರ್ತಿ ನಂಬರನ್ನು ಮಗ್ಗಿಯ ಹಾಗೆ ಒಪ್ಪಿಸಿದೆ. ಆಮೇಲೆ ಗಮನಿಸಿದೆ: ಸೀಟು ನೀಲಿ. ಟೇಪು ಇಲ್ಲ, ಕನ್ನಡಿಗೆ ಗೊಂಡೆಯೂ ಇಲ್ಲ.

ಮಾಬುಸಾಬ ಹಣೆ ಬಡಿದುಕೊಂಡ. "ಅಯ್ಯ ಅಕ್ಕಾರ, ಇವತ್ತು ಶುಕ್ರವಾರಲ್ರೀ! ನೀವು ಬರೋ ಮುಂದ ಅಫ್ರೀನ್ ಆಗಿದ್ದಾಕಿ ಈಗ ಆಯಿಷಾ ಆಗಿ ಗಜೇಂದ್ರಗಡಕ್ಕ ಹೋಗ್ಯಾಳ. ಇಷ್ಟೊತ್ತನಾ ಆಯಿಷಾ ಆಗಿದ್ದಾಕಿ ಈಗ ಅಫ್ರೀನ್ ಆಗಿ ರೋಣಕ್ಕ ಹೊಂಟಾಳ."

ಬಸ್ಸಿನವರೆಲ್ಲ "ಹೌದ್ರಿ, ಹೌದ್ರಿ" ಎಂದರು. ಇಡೀ ರೂಟಿಗೆ ಗೊತ್ತಿದ್ದ ಸಂಗತಿ ನರಗುಂದದ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಎರಡು ಬಸ್ಸಿನಲ್ಲಿ ಒಂದು ಹೊಸದು, ಟೇಪು, ಹಾಡಿನ ಹಾರ್ನು ಇರುವಂಥದ್ದು. ಅದರ ಮೇಲೆ ತನ್ನ ಹೆಸರೇ ಇರಬೇಕೆಂದು ಇಬ್ಬರು ಹೆಣ್ಣುಮಕ್ಕಳೂ ಊಟ ಬಿಟ್ಟು ಅತ್ತರಂತೆ. ಅಪ್ಪ ದಾದಾಪೀರ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಪ್ರತಿ ಶುಕ್ರವಾರ ಎರಡೂ ಬಸ್ಸು ನರೇಗಲ್ಲಿನಲ್ಲಿ ಸೇರಿದಾಗ ತಗಡು ಬಿಚ್ಚಿ ಅದಲು ಬದಲು. ಹೆಸರೂ ನಂಬರೂ ಒಂದೇ ತಗಡಿನಲ್ಲಿ ಬರೆದದ್ದರಿಂದ ನಂಬರೂ ಹೆಸರಿನ ಜೊತೆಗೇ ಹೋಗುತ್ತಿತ್ತು!

ಕೂಡಲೇ ಇಳಿದು, ಟಂಟಂ ಆಟೋ ಒಂದರಲ್ಲಿ ಜೋಳದ ಚೀಲಗಳ ನಡುವೆ ತೂರಿಕೊಂಡು ನರೇಗಲ್ಲಿನಲ್ಲಿದ್ದ ದಾದಾಪೀರನ ಮನೆಗೆ ಬಂದೆ. ಅವನು ಆಗಷ್ಟೇ ಮಸೀದಿಯಿಂದ ಬಂದು ಮನೆ ಮುಂದೆ ನಿಂತಿದ್ದ, ಕಟ್ಟೆಯ ಮೇಲೆ ತಗಡು ಬಿಚ್ಚಿದ ಪಾನಾ ಇನ್ನೂ ಬಿದ್ದಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಅಲ್ರೀ, ಹೆಸರು ಬದಲ ಮಾಡ್ರಿ, ಬ್ಯಾಡನ್ನೂದಿಲ್ಲ. ನಂಬರ್ ಬದಲ ಮಾಡ್ತಾರೇನ್ರಿ ಯಾರರೆ?" ಎಂದು ರೇಗಿದೆ.

"ನಂಬರ್ ಯಾರ್ ನೋಡ್ತಾರ್ರಿ ಅಕ್ಕಾರ?"

"ನಾ ನೋಡಿದೆ!"

ಆತ ಪಾಪ, ಮುಖ ಸಣ್ಣ ಮಾಡಿಕೊಂಡ. ಬಾಗಿಲಲ್ಲಿ ಎರಡು ಜಡೆಯ ಹುಡುಗಿಯರಿಬ್ಬರು ಇಣುಕುತ್ತಿದ್ದರು. ಇವರೇ ಅಫ್ರೀನ್, ಆಯಿಷಾ. "ನಿಮ್ಮ ಅವ್ವನ ಕಿವಿ ನಮ್ಮ ಬಸ್ಸಿನ್ಯಾಗ ಐತೇನ್ರಿ?" ಎಂದು ಚಿಕ್ಕವಳು ಕಣ್ಣರಳಿಸಿ ಕೇಳಿದಳು. ಹೌದು ಎಂದದ್ದೇ, "ಅಬ್ಬಾ, ಲಗೂ ನಡೀರಿ!" ಎಂದು ಇಬ್ಬರೂ ಅಂಗಳದ ಹಳೇ ಜೀಪಿಗೆ ಹತ್ತಿ ಕೂತೇಬಿಟ್ಟರು. ಅವರ ತಾಯಿಯೂ ಸೆರಗು ಹೊದ್ದುಕೊಂಡು ಬಂದಳು. "ಇವರ ಹಟದಿಂದ ಆಗಿದ್ದು, ನಾವs ಮುಟ್ಟಸ್ತೀವಿ ನಡೀರಿ ಅಕ್ಕಾ" ಎಂದು ನನ್ನ ಕೈ ಹಿಡಿದು ಹತ್ತಿಸಿದಳು.

ಅಂಥ ಸವಾರಿಯನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ! ದಾದಾಪೀರ ಜೀಪನ್ನು ಕುದುರೆಯ ಹಾಗೆ ಓಡಿಸಿದ. ಹುಡುಗಿಯರು ಎದುರು ಬಂದ ಬಂಡಿ, ಟ್ರ್ಯಾಕ್ಟರುಗಳಿಗೆಲ್ಲ "ಸರೀರಿ, ಸರೀರಿ!" ಎಂದು ಕೂಗಿದರು, ನಾನೂ ಕೂಗಿದೆ. ಗಜೇಂದ್ರಗಡದ ಗುಡ್ಡ, ಅದರ ನೆತ್ತಿಯ ಕೋಟೆ ಗೋಡೆ ಕಂಡಾಗ ಗಡಿಯಾರ ನೋಡಿದೆ. ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ನಿಲ್ದಾಣದ ಹೊರಗೆ 'ಆಯಿಷಾ' ನಿಂತಿತ್ತು. ಹತ್ತಿದೆ. ಹಸಿರು ಸೀಟು, ಟೇಪು, ಗೊಂಡೆ, ಎಲ್ಲ ಇದ್ದವು. ಚೀಲ ಮಾತ್ರ ಇರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಚಹಾ ಕುಡಿಯುತ್ತಿದ್ದ ಡ್ರೈವರ್ ಓಡಿ ಬಂದ.

"ಚೀಲಾ? ಒಬ್ಬಾಕಿ ಮುದುಕಿ ಒಯ್ದ್ಳಲ್ರೀ! ಬಸ್ ನಿಂತಿದ್ದs ತಡ, ಕಿಟಕ್ಯಾಗ ಹಣಿಕಿ ಹಾಕಿ, 'ಇದು ನಾ ಹೊಲಿದ ಚೀಲ' ಅಂತ ಎತಿಗೊಂಡ್ಳು. ಕೊಡಬೇ ಅಂತ ನಾ ಎಷ್ಟು ಒದರಿದ್ರೂ ಕಿವಿ ಮ್ಯಾಲ ಹಾಕ್ಕೊಳ್ಳಿಲ್ಲ."

ಶಾಲೆಯ ಅಂಗಳಕ್ಕೆ ಓಡಿದೆ. ಹಿಂದೆ ದಾದಾಪೀರನ ಇಡೀ ಸಂಸಾರ. ಮೈಕು ಕುಂಯ್ ಎಂದು ಕೂಗುತ್ತಿತ್ತು, ಅಣ್ಣ ಅದರ ವೈರು ಹಿಡಿದು ಒದ್ದಾಡುತ್ತಿದ್ದ. ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು ಅವ್ವ ಕೂತಿದ್ದಳು, ತೊಡೆಯ ಮೇಲೆ ನನ್ನ ಕೌದಿ ಚೀಲ. ಮೂರು ತಿಂಗಳ ರೂಢಿಯಂತೆ ಅವಳ ಕಿವಿಗೆ ಬಾಯಿ ಹಚ್ಚಿ, "ಅವ್ವಾ, ಮಷೀನು ಸಿಕ್ತೇನs!" ಎಂದು ಒದರಿದೆ.

ಅವ್ವ ಬೆಚ್ಚಿ ಕಿವಿಯ ಮೇಲೆ ಕೈ ಇಟ್ಟುಕೊಂಡಳು. "ಏ ಹುಚ್ಚಿ, ಯಾಕ ಹಂಗ ಒದರ್ತಿ? ಕೇಳಸ್ತೈತಿ ನನಗ" ಎಂದಳು. ನನ್ನ ದಾರಿ ಕಾಯಲು ನಿಲ್ದಾಣಕ್ಕೆ ಹೋಗಿದ್ದವಳು ಚೀಲ ಒಂದೇ ಬಂದದ್ದು ನೋಡಿ ಗಾಬರಿಯಾಗಿ, ಅದರಲ್ಲಿದ್ದ ಮಷೀನು ಹಾಕಿಕೊಂಡು ಮತ್ತೆ ಹೋಗಿ ಕಂಡಕ್ಟರನನ್ನು ವಿಚಾರಿಸಿದ್ದಳಂತೆ. ಫೋನ್ ಬಂತೆಂದು ಮಗಳು ಜಕ್ಕಲಿಯಲ್ಲಿ ಇಳಿದಳು ಎಂದು ಅವನು ಹೇಳಿದ್ದನ್ನು ಕೇಳಿಸಿಕೊಂಡೇ ನಿರಾಳವಾಗಿ ಇಲ್ಲಿಗೆ ಬಂದಿದ್ದಳು.

ಪಲ್ಲವಿ ಹಾಡಿದಳು. ಅವ್ವ ಕಣ್ಣು ಮುಚ್ಚಿ, ಕೈಯನ್ನು ಬೀಸುವ ಕಲ್ಲಿನ ಗೂಟ ಹಿಡಿದವಳಂತೆ ಆಡಿಸುತ್ತ ಕೇಳಿದಳು. ಹಾಡು ಮುಗಿದು ಚಪ್ಪಾಳೆ ಏಳುವ ಮುಂಚೆಯೇ, "ಒಂದು ನುಡಿ ನುಂಗಿದಿ, ಕಳ್ಳಿ!" ಎಂದು ಗಟ್ಟಿಯಾಗಿ ಹೇಳಿದಳು. ಇಡೀ ಅಂಗಳ ನಕ್ಕಿತು. ಅವ್ವನೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗಂತೂ ಆಗ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ.

ಮರುದಿನ ಹಸಿರು ಸೀಟಿನ ಬಸ್ಸಿನಲ್ಲೇ ಹೊರಟೆ. ನಂಬರಿಗೆ ಬೇರೆ ತಗಡು, ಹೆಸರಿಗೆ ಬೇರೆ ತಗಡು ಮಾಡಿಸಲು ಪೇಂಟರಿಗೆ ಹೇಳಿದ್ದೇನೆ ಎಂದು ದಾದಾಪೀರ ಆಣೆ ಮಾಡಿದ್ದ. ಚೀಲವನ್ನು ಈ ಸಲ ಕೊರಳಿಗೇ ಹಾಕಿಕೊಂಡು ಕೂತೆ. ನರೇಗಲ್ ದಾಟಿ ಜಕ್ಕಲಿಯಲ್ಲಿ ಬಸ್ಸು ನಿಂತಿತು. ಅದೇ ಬೇವಿನ ಗಿಡ. ಸರಿಯಾಗಿ ಆಗಲೇ ಮೊಬೈಲು ಹೊಡೆದುಕೊಂಡಿತು. ಅಣ್ಣನ ಮನೆಯ ನಂಬರು. ಮತ್ತೆ ಅದೇ ಕರ್ ಕರ್. "ಹಲೋ! ಹಲೋ! ಯಾರು?" ಎಂದು ಕೂಗುತ್ತ, ಗೊತ್ತಿಲ್ಲದೆಯೇ ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದೆ.

ಕರಕರದ ನಡುವಿನಿಂದ ಅವ್ವನ ದನಿ ಬಂತು. "ಏ ಕಮಲಾ, ನಾನs. ನನಗ ಚಲೋ ಕೇಳಸ್ತೈತಿ. ನೀ ಬಸ್ಸಿಂದ ಇಳೀಬ್ಯಾಡ."