ಅತ್ತಿಗೆ ಅಳೆಯದ ಸ್ಕ್ರೂ

ನನ್ನ ಅಣ್ಣನ ಹೆಂಡತಿ ಮೂವತ್ತೊಂದು ವರ್ಷದಿಂದ ಮೋಟಾರು ರಿಪೇರಿ ಮಾಡುತ್ತಿದ್ದಾಳೆ. ಮೊದಲು ಫ್ಯಾನು, ಆಮೇಲೆ ಮಿಕ್ಸಿ, ನೀರಿನ ಪಂಪು. ಈಗ ಆರು ವರ್ಷದಿಂದ ಕ್ಯಾಮೆರಾ ಹೊತ್ತು ಹಾರುವ ಡ್ರೋನು. ಅಂಗಡಿ ಇರುವುದು ಮನೆಯ ಮುಂದಿನ ಕೋಣೆಯಲ್ಲಿ. ಬೋರ್ಡಿನ ಮೇಲೆ ಅಣ್ಣನ ಹೆಸರಿದೆ, ಮೇಜಿನ ಮುಂದೆ ಅತ್ತಿಗೆ ಇರುತ್ತಾಳೆ. ಅಣ್ಣನಿಗೆ ಬಲ್ಬು ಬದಲಿಸಲು ಬರುತ್ತದೆ.

ಮೊದಲ ಡ್ರೋನು ಬಂದ ದಿನ ಅವಳು ಅದನ್ನು ಎರಡು ಸಲ ತಿರುಗಿಸಿ ನೋಡಿ, "ನಾಲ್ಕು ಪುಟ್ಟ ಫ್ಯಾನು, ನಡುವೆ ಒಂದು ಫೋನು" ಎಂದಳು. ಆ ಅಭಿಪ್ರಾಯವನ್ನು ಬದಲಿಸುವ ಕಾರಣ ಅವಳಿಗೆ ಇನ್ನೂ ಸಿಕ್ಕಿಲ್ಲ.

ಮೇಜಿನ ತುದಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕಿದೆ. ಯಂತ್ರ ತಂದವರು ಅದರಲ್ಲಿ ಒಂದು ಪ್ರಶ್ನೆಗೆ ಕೈಯಾರೆ ಉತ್ತರ ಬರೆಯಬೇಕು: ಬಿದ್ದಿದೆಯೇ? ಆರು ವರ್ಷದಲ್ಲಿ ಬಂದವರೆಲ್ಲ "ಇಲ್ಲ" ಎಂದೇ ಬರೆದಿದ್ದಾರೆ. ಕಾಲು ಮುರಿದದ್ದನ್ನು ಟವೆಲಿನಲ್ಲಿ ಸುತ್ತಿ ತಂದವರೂ, ಒಳಗೆ ಕೆಸರು ಒಣಗಿದ್ದನ್ನು ತಂದವರೂ ಹಾಗೇ ಬರೆದರು. ಒಬ್ಬ ವೈದ್ಯರು ಎರಡು ತುಂಡುಗಳನ್ನು ಎರಡು ಕವರಿನಲ್ಲಿ ತಂದು, "ಇಲ್ಲ" ಎಂದು ಬರೆದು, ಯಾರೂ ಕೇಳದಿದ್ದರೂ ಸಹಿ ಹಾಕಿ ಹೋದರು. ಅತ್ತಿಗೆ ಈ ಉತ್ತರಗಳನ್ನು ಓದುವುದಿಲ್ಲ. ಯಂತ್ರವನ್ನು ಬಿಚ್ಚಿ ನೋಡಿ, ಪಕ್ಕದಲ್ಲಿ ಕೆಂಪು ಶಾಯಿಯಿಂದ "ಬಿದ್ದಿದೆ" ಎಂದು ಬರೆಯುತ್ತಾಳೆ. ಮತ್ತೆ ಯಾಕೆ ಕೇಳುತ್ತೀ ಎಂದರೆ, "ಎಷ್ಟು ದೊಡ್ಡ ಸುಳ್ಳುಗಾರರು ಅಂತ ಗೊತ್ತಿದ್ರೆ ಎಲ್ಲಿಂದ ಬಿಚ್ಚಬೇಕು ಅಂತ ಗೊತ್ತಾಗುತ್ತೆ" ಎನ್ನುತ್ತಾಳೆ.

ಬಿಚ್ಚುವುದಕ್ಕೂ ಅವಳದೊಂದು ಕ್ರಮವಿದೆ. ರಟ್ಟಿನ ಮೇಲೆ ಯಂತ್ರದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಚಿತ್ರದಲ್ಲೂ ಅಲ್ಲೇ ಚುಚ್ಚಿಡುತ್ತಾಳೆ. ತೆಗೆದ ಸ್ಕ್ರೂ ತೆಗೆದ ತೂತಿಗೇ ಹೋಗಬೇಕು. ಕೆಲಸ ಮುಗಿದ ಮೇಲೆ ತಾನು ಬಿಗಿದ ಪ್ರತಿ ಸ್ಕ್ರೂವಿನ ತಲೆಗೂ ಕೆಂಪು ನೇಲ್‌ಪಾಲಿಶ್‌ನ ಒಂದು ಚುಕ್ಕೆ ಇಡುತ್ತಾಳೆ. ಅದು ಸ್ಕ್ರೂ ಸಡಿಲವಾಗದಂತೆ ಹಿಡಿಯುತ್ತದೆ, ಅವಳ ಸಹಿಯೂ ಆಗುತ್ತದೆ. ಅವಳು ಉಗುರಿಗೆ ಬಣ್ಣ ಹಚ್ಚಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ವರ್ಷಕ್ಕೆ ಮೂರು ಬಾಟಲಿ ಖರ್ಚಾಗುತ್ತದೆ.

ಇನ್ನು ನನ್ನ ತಮ್ಮ. ಅವನು ಸುಳ್ಳು ಹೇಳುತ್ತಾನೆ. ತಮ್ಮನೆಂದು ಇದನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಒಂದೇ ಕಚೇರಿಯಲ್ಲಿ ರಜೆ ಕೇಳಲು ನನ್ನನ್ನು ಎರಡು ಸಲ ಸಾಯಿಸಿದ. ಎರಡನೆಯ ಸಲಕ್ಕೆ ಕೆಲಸ ಹೋಯಿತು. ಮನೆಯಲ್ಲಿ ಅವನನ್ನು ಸತ್ಯವಂತ ಎಂದು ಕರೆಯುತ್ತೇವೆ, ಅವನೂ ಕರೆದರೆ ಓಗೊಡುತ್ತಾನೆ. ಡ್ರೋನು ಹಾರಿಸುವುದು ಮಾತ್ರ ಅವನಿಗೆ ಚೆನ್ನಾಗಿ ಬರುತ್ತದೆ. ಅವನಿಗೆ ಚೆನ್ನಾಗಿ ಬರುವ ಎರಡನೆಯ ಕೆಲಸ ಅದು.

ಅವನ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಹನ್ನೊಂದು ವರ್ಷ ಅಲ್ಲಿ ಇಲ್ಲಿ ಅಲೆದ ಮೇಲೆ, ಒಂದು ಫೋಟೋ ಸ್ಟುಡಿಯೋದ ಒಡತಿ ಅವನಿಗೆ ಕೆಲಸ ಕೊಟ್ಟಳು. ಅವನ ಹಳೆಯ ಡ್ರೋನನ್ನು ಸ್ಟುಡಿಯೋಗೆ ಕೊಂಡುಕೊಂಡು, ಅದನ್ನು ಹಾರಿಸಲು ಅವನನ್ನೇ ಕಾಯಂ ಆಗಿ ಇಟ್ಟುಕೊಳ್ಳುವುದು ಎಂದು ಮಾತಾಯಿತು. ಮಾರುವ ಮುಂಚೆ ಅವನು ಯಂತ್ರವನ್ನು ಅತ್ತಿಗೆಯ ಮೇಜಿನ ಮೇಲೆ ಇಟ್ಟ. ಅವಳು ಧೂಳು ತೆಗೆದಳು, ಎಲ್ಲ ಬಿಗಿದಳು, ತಲೆ ಸವೆದಿದ್ದ ಒಂದು ಸ್ಕ್ರೂ ಎಸೆದು ತನ್ನ ಡಬ್ಬಿಯಿಂದ ಬೇರೆಯದನ್ನು ಹಾಕಿದಳು, ಚುಕ್ಕೆಗಳನ್ನಿಟ್ಟು ಕೊಟ್ಟಳು.

ನಾಲ್ಕನೆಯ ದಿನ ಬೆಳಿಗ್ಗೆ ಸ್ಟುಡಿಯೋದಾಕೆ ಪೆಟ್ಟಿಗೆ ಹಿಡಿದು ಬಂದಳು. ಹಿಂದೆಯೇ ನನ್ನ ತಮ್ಮ. ನಾನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದೆ.

"ಆಂಟಿ, ನಾಲ್ಕು ನಿಮಿಷ ಸರಿಯಾಗಿ ಹಾರುತ್ತೆ," ಎಂದಳು ಆಕೆ. "ಆಮೇಲೆ ಹಿಂದಿನ ಎಡಗಡೆ ಮೋಟಾರು ಕೆಮ್ಮೋಕೆ ಶುರುಮಾಡುತ್ತೆ. ಫೋನಿನಲ್ಲಿ ಮೋಟಾರು ದೋಷ ಅಂತ ಬರುತ್ತೆ. ಪುಣ್ಯಕ್ಕೆ ಮೊಣಕಾಲೆತ್ತರದಲ್ಲಿತ್ತು, ಹುಲ್ಲಿನ ಮೇಲೆ ವಾಲಿಕೊಂಡು ಕೂತ್ಕೊಂಡ್ತು."

"ಬಿದ್ದಿತ್ತಾ ಇದು?" ಅತ್ತಿಗೆ ತಮ್ಮನನ್ನು ಕೇಳಿದಳು.

"ಇಲ್ಲ."

"ಬರಿ."

ಅವನು ಬರೆದ.

"ನೋಡಿ ಆಂಟಿ, ನನಗೆ ಯಂತ್ರದ ಚಿಂತೆ ಇಲ್ಲ," ಎಂದಳು ಸ್ಟುಡಿಯೋದಾಕೆ. "ರಿಪೇರಿ ಆಗುತ್ತೆ. ಆದ್ರೆ ಬಿದ್ದಿದ್ದನ್ನ ಮುಚ್ಚಿಟ್ಟು ಕೊಟ್ಟಿದ್ರೆ ಇವರನ್ನ ನಾನು ಇಟ್ಕೊಳ್ಳಲ್ಲ. ಜನರ ತಲೆ ಮೇಲೆ ಹಾರಿಸೋ ವಸ್ತು ಇದು. ನೀವು ನೋಡಿ ಹೇಳಿ, ನೀವು ಹೇಳಿದ್ದೇ ಕೊನೆ."

"ಅತ್ತಿಗೆ, ನಿಮ್ಮ ಕೈಗೆ ಬರೋ ತನಕ ಚೆನ್ನಾಗೇ ಹಾರ್ತಿತ್ತು," ಎಂದ ತಮ್ಮ.

ಅತ್ತಿಗೆ ಕನ್ನಡಕ ತೆಗೆದಳು. "ಏನಂದೆ?"

"ಇದ್ದದ್ದು ಹೇಳಿದೆ."

"ನೀನು ಇದ್ದದ್ದು ಹೇಳೋದು ಯಾವಾಗಿಂದ ಶುರುವಾಯ್ತಪ್ಪಾ, ಸತ್ಯವಂತ? ಹೊರಗೆ ನಿಂತ್ಕೋ. ಬೆಳಕಿಗೆ ಅಡ್ಡ ಬರ್ತೀಯ."

ಅವನು ಹೊರಗೆ ನಿಂತ. ನಿಜ ಹೇಳಬೇಕೆಂದರೆ, ನಾನೂ ಅವನ ಮಾತನ್ನು ನಂಬಲಿಲ್ಲ. ನಂಬಿ ಅಭ್ಯಾಸವಿಲ್ಲ.

ಆ ದಿನ ಅತ್ತಿಗೆ ಮಾಡಿದ ಕೆಲಸದಲ್ಲಿ ದೋಷ ಹುಡುಕುವುದು ಕಷ್ಟ. ರೆಕ್ಕೆಗಳನ್ನು ತೆಗೆದಿಟ್ಟಳು. ಮೋಟಾರಿನ ಮೂರು ತಂತಿಗಳ ನಡುವೆ ಮೀಟರು ಹಿಡಿದಳು, ಮೂರೂ ಸಮ. ತಂತಿಗೂ ಮೋಟಾರಿನ ಮೈಗೂ ನಡುವೆ ಹಿಡಿದಳು. ಮೀಟರು ಕೂಗಲಿಲ್ಲ, ಅಂದರೆ ಸುರುಳಿ ಎಲ್ಲೂ ಮೈಗೆ ತಾಗಿಲ್ಲ. ಆಮೇಲೆ ಫ್ಯಾನಿನ ಕಾಲದಿಂದ ನಂಬಿಕೊಂಡು ಬಂದ ಪರೀಕ್ಷೆ ಮಾಡಿದಳು. ಹಿಂದಿನ ಎಡಗಡೆಯ ಮೋಟಾರನ್ನು ಬೆಸುಗೆ ಬಿಡಿಸಿ ಮುಂದಿನ ಬಲಗಡೆಗೆ ಹಾಕಿದಳು, ಅಲ್ಲಿಯದನ್ನು ಇಲ್ಲಿಗೆ ತಂದಳು. ತೊಂದರೆ ಮೋಟಾರಿನ ಜೊತೆ ಹೋದರೆ ತಪ್ಪು ಮೋಟಾರಿನದು, ಇದ್ದಲ್ಲೇ ಉಳಿದರೆ ತಪ್ಪು ಅದಕ್ಕೆ ವಿದ್ಯುತ್ ಕಳಿಸುವ ಬೋರ್ಡಿನದು. ಸ್ಕ್ರೂಗಳು ರಟ್ಟಿನ ಚಿತ್ರದಿಂದ ಎದ್ದು, ಒಂದೂ ತಪ್ಪದೆ, ತಮ್ಮ ತಮ್ಮ ತೂತಿಗೆ ಮರಳಿದವು. ರೆಕ್ಕೆಗಳನ್ನು ಮತ್ತೆ ಹಾಕಿ, ಯಂತ್ರವನ್ನು ಮೇಜಿಗೆ ಬಿಗಿದು ಓಡಿಸಿದಳು. ನಾಲ್ಕನೆಯ ನಿಮಿಷಕ್ಕೆ ಹಿಂದಿನ ಎಡಗಡೆಯೇ ಕೆಮ್ಮಿತು.

"ಬೋರ್ಡು," ಎಂದಳು. "ಸುಮ್ಮಸುಮ್ಮನೆ ಬೋರ್ಡು ಹೋಗಲ್ಲ. ಬಿದ್ದು ಎಲ್ಲೋ ಬೆಸುಗೆ ಬಿರುಕು ಬಿಟ್ಟಿದೆ." ಕೆಂಪು ಪೆನ್ನು ತೆಗೆದು "ಬಿದ್ದಿದೆ" ಎಂದು ಬರೆದಳು. ಸ್ಟುಡಿಯೋದಾಕೆಗೆ ಫೋನು ಮಾಡಿ, ಬಿರುಕನ್ನು ತೋರಿಸುತ್ತೇನೆ, ನಾಡಿದ್ದು ಬಾ ಎಂದಳು. ತಮ್ಮನಿಗೆ ಯಾರೂ ಫೋನು ಮಾಡಲಿಲ್ಲ. ಅವನಿಗೆ ಸ್ಟುಡಿಯೋದಿಂದಲೇ ತಿಳಿಯಿತು.

ತೊಂದರೆಯೇನೆಂದರೆ ಬಿರುಕು ಸಿಗಲಿಲ್ಲ. ಮಾರನೆಯ ದಿನವಿಡೀ ದೀಪದ ಭೂತಗನ್ನಡಿಯ ಕೆಳಗೆ ಬೋರ್ಡನ್ನು ಇಂಚಿಂಚಾಗಿ ನೋಡಿದಳು. ಬೆಸುಗೆಗಳೆಲ್ಲ ಗಟ್ಟಿ. ಸರಿ, ಹೊರಕವಚ ನೋಡೋಣ ಎಂದು ಅದನ್ನು ಬೆಳಕಿಗೆ ಹಿಡಿದಳು. ಬಿದ್ದ ಪ್ಲಾಸ್ಟಿಕ್ಕು ಮೂಲೆಗಳಲ್ಲಿ ಬೆಳ್ಳಗಾಗಿರುತ್ತದೆ, ಇದು ಆಗಿರಲಿಲ್ಲ. ಕ್ಯಾಮೆರಾದ ಕೊಂಡಿ ನೇರವಾಗಿತ್ತು. ಸಂಜೆ ಊಟದ ಮನೆಗೆ ಬಂದವಳು ತಟ್ಟೆ ಮುಂದಿಟ್ಟುಕೊಂಡು ಕೂತೇ ಇದ್ದಳು.

"ಏನಾಯ್ತು?" ಎಂದ ಅಣ್ಣ.

"ಬೀಳದೆ ಇರೋ ಡ್ರೋನು ಹೇಗಿರುತ್ತೆ ಅಂತ ನಾನು ಇದುವರೆಗೂ ನೋಡಿಲ್ಲ," ಎಂದಳು. "ಹೀಗಿರುತ್ತೇನೋ."

ಮರುದಿನ ಬೆಳಿಗ್ಗೆ ಏಳಕ್ಕೆ ಯಂತ್ರವನ್ನು ಮತ್ತೆ ಓಡಿಸಿದಳು. ಕೆಮ್ಮಿದ ಕೂಡಲೇ ಬ್ಯಾಟರಿ ಕಿತ್ತು, ಬಿಸಿ ಆರುವ ಮೊದಲೇ ಬೆಸುಗೆ ಬಿಡಿಸಿ, ಮೀಟರಿನ ಒಂದು ಕಡ್ಡಿಯನ್ನು ತಂತಿಗೂ ಇನ್ನೊಂದನ್ನು ಮೋಟಾರು ಹಿಡಿದಿದ್ದ ಸ್ಕ್ರೂವಿಗೂ ಮುಟ್ಟಿಸಿದಳು. ಮೀಟರು ಕೂಗಿತು. ಮೊದಲು ಮೀಟರು ಹಿಡಿದಾಗ ಮೋಟಾರು ತಣ್ಣಗಿತ್ತು. ಆಗ ಕೂಗದಿದ್ದದ್ದು ಈಗ ಬಿಸಿಯಲ್ಲಿ ಕೂಗಿತು. ಅವಳು ಕಡ್ಡಿ ತೆಗೆದು, ಮತ್ತೆ ಮುಟ್ಟಿಸಿದಳು. ಮತ್ತೆ ಕೂಗಿತು. ಆ ಸ್ಕ್ರೂವಿನ ತಲೆಯ ಮೇಲೆ ಕೆಂಪು ಚುಕ್ಕೆ ಇತ್ತು. ಎಲ್ಲದರ ಮೇಲೂ ಇತ್ತು, ಆ ಮಾತು ಬೇರೆ. ಆದರೆ ತಲೆ ಹೊಸದಾಗಿದ್ದದ್ದು ಅದೊಂದೇ.

ಬಿಚ್ಚಿ, ಅದರ ಜೊತೆಯ ಸ್ಕ್ರೂಗಳನ್ನೂ ಬಿಚ್ಚಿ, ಮಿಲಿಮೀಟರಿನ ಚೌಕಳಿ ಹಾಳೆಯ ಮೇಲೆ ಸಾಲಾಗಿ ಮಲಗಿಸಿದಳು. ಉಳಿದವೆಲ್ಲ ಐದು ಮನೆ. ಇದು ಆರು. ಒಂದು ಮಿಲಿಮೀಟರು ಜಾಸ್ತಿ. ಆ ಒಂದು ಮಿಲಿಮೀಟರು ಮೋಟಾರಿನ ಒಳಗೆ ತಲೆ ಹಾಕಿ, ಬಿಸಿಯಾದಾಗ ಸುರುಳಿಯ ತಂತಿಯನ್ನು ಮುಟ್ಟುತ್ತಿತ್ತು. ಮೋಟಾರು ಬದಲಾದರೂ ಸ್ಕ್ರೂ ಬದಲಾಗಲಿಲ್ಲ. ತೆಗೆದ ತೂತಿಗೇ ಮರಳಿ ಹಾಕಿ, ಮೇಲೊಂದು ಹೊಸ ಚುಕ್ಕೆಯನ್ನೂ ಇಟ್ಟಿದ್ದಳು.

"ಡಬ್ಬಿಯಿಂದ ತೆಗೆದಾಗ ಅಳೆಯಲಿಲ್ವಾ?" ಎಂದೆ.

"ನನ್ನ ಡಬ್ಬಿ ಅಲ್ವಾ," ಎಂದಳು.

ಹತ್ತು ಗಂಟೆಗೆ ಸ್ಟುಡಿಯೋದಾಕೆ ಬರುವುದಿತ್ತು. ಬೋರ್ಡು ಬದಲಿಸಿದೆ ಎಂದು ಹೇಳಿದರೆ ಪ್ರಶ್ನಿಸುವವರು ಯಾರೂ ಇರಲಿಲ್ಲ. ಸ್ಕ್ರೂ ಅವಳ ಅಂಗೈಯಲ್ಲಿತ್ತು, ಕಸದ ಬುಟ್ಟಿ ಕಾಲ ಬಳಿ ಇತ್ತು. ಅವಳು ಅಣ್ಣನನ್ನು ಕರೆದು, "ನಿಮ್ಮ ತಮ್ಮನ್ನ ಹತ್ತು ಗಂಟೆಗೆ ಬರಹೇಳಿ" ಎಂದಳು. ಅವರು ಬರುವಷ್ಟರಲ್ಲಿ, ಆ ಸ್ಕ್ರೂ ತಾಗಿದ್ದ ಎರಡೂ ಮೋಟಾರಿನ ಗಾಯಕ್ಕೆ ಫ್ಯಾನಿನ ವಾರ್ನಿಶ್ ಹಚ್ಚಿ, ಬಲ್ಬಿನ ಕೆಳಗೆ ಒಣಗಿಸಿ, ಸರಿ ಅಳತೆಯ ಸ್ಕ್ರೂ ಹಾಕಿ, ಬ್ಯಾಟರಿ ಮುಗಿಯುವ ತನಕ ಓಡಿಸಿ ನೋಡಿದ್ದಳು. ಇಪ್ಪತ್ತೆರಡು ನಿಮಿಷ. ಕೆಮ್ಮಲಿಲ್ಲ.

ತಮ್ಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ, ಕೆಲಸದಿಂದ ತೆಗೆಸಿಕೊಳ್ಳುವಾಗ ಅವನು ಹಾಕುವ ಶರ್ಟು ಅದು. ಅತ್ತಿಗೆ ನೋಟ್‌ಬುಕ್ಕನ್ನು ಅವನ ಕಡೆ ತಳ್ಳಿದಳು.

"ಓದು."

"ಕನ್ನಡಕ ತಂದಿಲ್ಲ, ಅತ್ತಿಗೆ."

ಕನ್ನಡಕ ಅವನ ಜೇಬಿನಲ್ಲಿತ್ತು. ಡಬ್ಬಿಯ ಆಕಾರ ಶರ್ಟಿನ ಮೇಲಿಂದ ಕಾಣುತ್ತಿತ್ತು. ನಾನೂ ನೋಡಿದೆ, ಅತ್ತಿಗೆಯೂ ನೋಡಿದಳು. ಅವಳು ಪುಸ್ತಕವನ್ನು ವಾಪಸು ಎಳೆದುಕೊಂಡು, ಮೊದಲಿನ ಕೆಂಪು ಪದವನ್ನು ಹೊಡೆದುಹಾಕಿ ಕೆಳಗೆ ಬರೆದಿದ್ದನ್ನು ಬ್ಯಾಂಕಿನಲ್ಲಿ ನಂಬರು ಕೂಗುವ ದನಿಯಲ್ಲಿ ಓದಿದಳು:

"ಬಿದ್ದಿಲ್ಲ. ತಂದವರು ಬರೆದದ್ದು ಸರಿ. ಮೋಟಾರಿಗೆ ಉದ್ದದ ಸ್ಕ್ರೂ ಹಾಕಿದ ತಪ್ಪು ಅಂಗಡಿಯದು."

"ಯಾರು ಹಾಕಿದ್ದು?" ಎಂದ ತಮ್ಮ.

"ನಾನು."

"ಸರಿಯಾಗಿ ಕೇಳಿಸಲಿಲ್ಲ."

"ಕಿವಿನೂ ಮನೇಲಿ ಬಿಟ್ಟು ಬಂದ್ಯಾ? ನಾನು, ನಾನು ಹಾಕಿದ್ದು. ನೀನು ಹೇಳಿದ್ದೇ ನಿಜ. ಇನ್ನು ಸಾಕು."

ಸ್ಟುಡಿಯೋದಾಕೆ ಸ್ಕ್ರೂವನ್ನು ಬೆರಳ ತುದಿಯಲ್ಲಿಟ್ಟು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, "ನಾಳೆ ಎಂಟಕ್ಕೆ ಬನ್ನಿ" ಎಂದಳು. ಅವನು ಎಂಟಕ್ಕೆ ಹತ್ತು ನಿಮಿಷ ಮೊದಲೇ ಹೋದನಂತೆ. ಇದನ್ನು ಹೇಳಿದ್ದು ಅವನೇ ಆದ್ದರಿಂದ ನಾನು ಸ್ಟುಡಿಯೋಗೆ ಫೋನು ಮಾಡಿ ವಿಚಾರಿಸಿದೆ. ನಿಜವಾಗಿತ್ತು.

ಆ ಸ್ಕ್ರೂ ಈಗ ನೋಟ್‌ಬುಕ್ಕಿನ ಅದೇ ಪುಟದಲ್ಲಿ ಟೇಪಿನ ಕೆಳಗಿದೆ. ಅತ್ತಿಗೆ ಡಬ್ಬಿಗಳನ್ನೆಲ್ಲ ಸುರಿದು ಒಂದೊಂದನ್ನೂ ಅಳೆದು ತುಂಬಿಸಿದಳು, ಅದಕ್ಕೆ ಹತ್ತು ದಿನ ಹಿಡಿಯಿತು. ಚುಕ್ಕೆ ಇಡುವುದನ್ನು ಬಿಟ್ಟಿಲ್ಲ. ಯಂತ್ರ ವಾಪಸು ಬಂದರೆ ಮೊದಲು ಚುಕ್ಕೆ ಇದ್ದದ್ದನ್ನೇ ಬಿಚ್ಚುತ್ತಾಳೆ.

ಮೂರು ತಿಂಗಳ ನಂತರ ತಮ್ಮ ಅದೇ ಡ್ರೋನನ್ನು ತಂದ. ಮುಂದಿನ ಒಂದು ಕಾಲು ಜೋತಾಡುತ್ತಿತ್ತು. ಅತ್ತಿಗೆ ಏನೂ ಕೇಳದೆ ನೋಟ್‌ಬುಕ್ಕು ಮುಂದಿಟ್ಟಳು. ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, "ಬಿದ್ದಿದೆ" ಎಂದು ಬರೆದ. ತಂದವರ ಕೈಬರಹದಲ್ಲಿ ಆ ಪದ ಆ ಪುಸ್ತಕದಲ್ಲಿ ಇರುವುದು ಅದೊಂದೇ ಕಡೆ. ಅದರ ಮುಂದೆ, ಪೆನ್ನನ್ನು ಇನ್ನೂ ಕೆಳಗಿಡದೆ, "ಜೋರು ಗಾಳಿಗೆ" ಎಂದು ಸೇರಿಸಿದ.

ಅತ್ತಿಗೆ ಕೆಂಪು ಪೆನ್ನಿನಿಂದ ಮೊದಲ ಪದಕ್ಕೆ ಸರಿ ಗುರುತು ಹಾಕಿದಳು. ಉಳಿದದ್ದನ್ನು ಮುಟ್ಟಲಿಲ್ಲ.

ಆ ದಿನ ಗಾಳಿ ಇರಲಿಲ್ಲ.