ಬಾಮೈದ ತಂದ ಹಂದಿಮಾಂಸ

ಪಕ್ಕದ ರಾಜ್ಯದಲ್ಲಿ ಹಂದಿಗಳಿಗಷ್ಟೇ ಬರುವ ಆಫ್ರಿಕನ್ ಹಂದಿಜ್ವರ ಹಬ್ಬಿದೆ, ಅಲ್ಲಿಂದ ಮಾಂಸ ತರಬೇಡಿ ಎಂದು ಪಶುವೈದ್ಯರು ಅರಕೆರೆಯ ನನ್ನ ಹಂದಿ ಶೆಡ್ಡಿಗೇ ಬಂದು ಹೇಳಿದ್ದರು. ಅದಾದ ವಾರಕ್ಕೆ, ಆ ರಾಜ್ಯದಲ್ಲೇ ಕೆಲಸದಲ್ಲಿದ್ದ ನನ್ನ ಬಾಮೈದ ಹಂದಿಮಾಂಸ ಹಿಡಿದು ಬಂದ. ಬೇಡವೆನ್ನಲು ಸಂಕೋಚವಾಯಿತು. ಎಲ್ಲರೂ ಉಂಡೆವು. ಮಾಂಸ ತೊಳೆದ ನೀರು ಕಲಗಚ್ಚಿನ ಬಕೆಟ್ಟು ಸೇರಿತ್ತು. ಎಂದಿನಂತೆ ಅದನ್ನು ನಾನೇ ಹಂದಿಗಳಿಗೆ ಸುರಿದೆ.

ಎರಡು ವಾರದೊಳಗೆ ಅವು ಮೇವು ಬಿಟ್ಟು ಮಲಗಿದವು, ಒಂದೊಂದಾಗಿ ಸತ್ತವು. ಪರೀಕ್ಷೆಯಲ್ಲಿ ಹಂದಿಜ್ವರವೆಂದು ಖಚಿತವಾಯಿತು. ಸುತ್ತಲಿನ ಹಂದಿಗಳನ್ನೆಲ್ಲ ಕೊಲ್ಲಬೇಕೆಂದು ಆದೇಶ ಬಂತು. ಪಕ್ಕದ ಹೊಲದಲ್ಲಿ, ಗಂಡ ತೀರಿಕೊಂಡ ಮೇಲೆ ಹಂದಿ ಸಾಕಿಯೇ ಬದುಕುತ್ತಿದ್ದ ಅಕ್ಕ ಒಬ್ಬರಿದ್ದರು. ಅಧಿಕಾರಿಗಳು ಬಂದಾಗ ಅವರು ಬಾಗಿಲಿಗೆ ಅಡ್ಡ ನಿಂತರು.

"ನನ್ನವುಕ್ಕೆ ಏನೂ ಆಗಿಲ್ಲ ಕಣ್ ಸಾ, ಎಂಗ್ ತಿಂತಾವೆ ನೋಡಿ!" ಎಂದವರು ನನ್ನತ್ತ ತಿರುಗಿದರು. "ನೀನಾರ ಯೋಳಪ್ಪ."

ಜೆಸಿಬಿ ತೋಡಿದ ಗುಂಡಿಗೆ ಅವರ ಹಂದಿಗಳೂ ಬಿದ್ದವು.

ಈಗ ಅವರು ಕಂಡವರ ಗದ್ದೆಯಲ್ಲಿ ಕಳೆ ಕೀಳುತ್ತಾರೆ. ದಾರಿಯಲ್ಲಿ ಸಿಕ್ಕಾಗಲೆಲ್ಲ, "ಅದೆಲ್ಲಿಂದ ಬಂತಪ್ಪ ಆ ರೋಗ?" ಎಂದು ಕೇಳುತ್ತಾರೆ.

"ಗೊತ್ತಿಲ್ಲ ಕಣಕ್ಕ" ಎನ್ನುತ್ತೇನೆ.